ನಿಂತ ತೂಕ, ಹೊಟ್ಟೆ ತೊಳೆದರೆ ಇಳಿದೀತೇ?

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಒಂದು ರವಿವಾರ ಮಕ್ಕಳ ಪಾಲಿಗೆ ಅಗ್ನಿಪರೀಕ್ಷೆಯ ದಿನವಾಗಿರುತ್ತಿತ್ತು. ಅಂದು ನಸುಕಿನಲ್ಲೇ ಎಬ್ಬಿಸಿ, ಮೂಗು ಹಿಡಿದು, ಔಡಲೆಣ್ಣೆ ಕುಡಿಸುತ್ತಿದ್ದರು. ಮಧ್ಯಾಹ್ನದವರೆಗೆ ಚೆಂಬು ಹಿಡಿದು ಓಡಾಡುವುದೇ ಮಕ್ಕಳ ಕೆಲಸ. ಸಂಜೆಗೆ ಮೆತ್ತನೆಯ ಅನ್ನ, ತಿಳಿಸಾರು. ‘ಹೊಟ್ಟಿ ಸ್ವಚ್ಛ ಆತು, ಮೈ ಹಗುರಾತು’ ಎಂದು ಅಜ್ಜಿ ಸಮಾಧಾನಪಡುತ್ತಿದ್ದಳು. ಸವಣೂರು, ಯಲವಿಗಿ, ಲಕ್ಷ್ಮೇಶ್ವರದ ಕಡೆ ಐವತ್ತು ದಾಟಿದವರಲ್ಲಿ ಈ ಎಣ್ಣೆಯ ರುಚಿ ಮರೆತವರು ಕಡಿಮೆ.

ಅಜ್ಜಿಯ ಔಡಲೆಣ್ಣೆ ಮೂಲೆ ಸೇರಿತು. ಆದರೆ ಅದರ ಹಿಂದಿದ್ದ ನಂಬಿಕೆ ಬೇರೆ ಬಟ್ಟೆ ತೊಟ್ಟು ಮರಳಿ ಬಂದಿದೆ. ಈಗ ಅದರ ಹೆಸರು ‘ಡಿಟಾಕ್ಸ್’ ಅಥವಾ ‘ಕ್ಲೆನ್ಸ್’. ದೇಹದಲ್ಲಿ ಸೇರಿದ ವಿಷ, ಕಲ್ಮಶಗಳನ್ನು ತೊಳೆದು ಹೊರಹಾಕುವುದು ಎಂಬುದು ಇದರ ಅರ್ಥ. ಮೂರು ದಿನ ಬರೀ ಹಣ್ಣಿನ ರಸ, ಏಳು ದಿನ ಹಸಿರು ಸೊಪ್ಪಿನ ರಸ, ಬೆಳಿಗ್ಗೆ ಜೀರಿಗೆ ನೀರು, ರಾತ್ರಿ ಭೇದಿಯ ಪುಡಿ ಎಂದು ಇದರಲ್ಲಿ ನೂರೆಂಟು ಬಗೆ. ಇವುಗಳ ಮೊರೆ ಹೋಗುವವರಲ್ಲಿ ಒಂದು ವರ್ಗದವರು ವಿಶೇಷವಾಗಿ ಗಮನ ಸೆಳೆಯುತ್ತಾರೆ. ಅವರು ತೂಕ ಇಳಿಸಲು ಪಥ್ಯ ಹಿಡಿದವರು. ಮೊದಲ ಎರಡು ಮೂರು ತಿಂಗಳಲ್ಲಿ ನಾಲ್ಕಾರು ಕಿಲೋ ಇಳಿಸಿದವರು. ಆಮೇಲೆ ಏನು ಮಾಡಿದರೂ ತಕ್ಕಡಿಯ ಮುಳ್ಳು ಅಲುಗದೆ ಕಂಗೆಟ್ಟವರು. ‘ಒಳಗೆ ಕಲ್ಮಶ ಕಟ್ಟಿಕೊಂಡಿದೆ, ಅದನ್ನು ತೊಳೆದರೆ ತೂಕ ಮತ್ತೆ ಇಳಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಇವರು ನಂಬುವುದು ಸಹಜ.

ಇದು ಬೆರಳೆಣಿಕೆಯ ಜನರ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಕ ಸ್ತ್ರೀಪುರುಷರಲ್ಲಿ 100ಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಹಾಗಾದರೆ ತೂಕ ನಿಲ್ಲುವುದು ನಿಜವಾಗಿ ಕಲ್ಮಶದಿಂದಲೇ? ತೊಳೆದರೆ ಅದು ಇಳಿಯುತ್ತದೆಯೇ?

ತೂಕ ನಿಲ್ಲುವುದೇಕೆ?

ದೇಹವೊಂದು ಸಂಸಾರವಿದ್ದಂತೆ. ಆಹಾರದಿಂದ ಬರುವ ಶಕ್ತಿ ಅದರ ಆದಾಯ. ಉಸಿರಾಟ, ಎದೆಬಡಿತ, ದುಡಿಮೆ, ಓಡಾಟ ಇವೆಲ್ಲ ಖರ್ಚು. ಆದಾಯ ಕಡಿಮೆಯಾದರೆ ಕೂಡಿಟ್ಟ ಕೊಬ್ಬನ್ನು ಕರಗಿಸಿ ಸಂಸಾರ ನಡೆಸಬೇಕು. ಆಗ ತೂಕ ಇಳಿಯುತ್ತದೆ. ಆದರೆ ಜಾಣ ಸಂಸಾರಿಯಂತೆ ದೇಹವೂ ಆದಾಯ ತಗ್ಗಿದಾಗ ಖರ್ಚನ್ನು ತಗ್ಗಿಸುತ್ತದೆ. 80 ಕಿಲೋ ದೇಹವನ್ನು ಹೊತ್ತು ಮೆಟ್ಟಿಲು ಹತ್ತಲು ಬೇಕಾದಷ್ಟು ಶಕ್ತಿ 70 ಕಿಲೋ ದೇಹಕ್ಕೆ ಬೇಡ. ಮೈ ಸಣ್ಣದಾದಂತೆ ಸುಮ್ಮನೆ ಕುಳಿತಾಗಿನ ಖರ್ಚೂ ಇಳಿಯುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ದಿನದ ಆಹಾರದಲ್ಲಿ ಶಾಶ್ವತವಾಗಿ ಕಡಿಮೆ ಮಾಡುವ ಪ್ರತಿ 24 ಕ್ಯಾಲೊರಿಗೆ ಕೊನೆಗೆ ಸುಮಾರು 1 ಕಿಲೋ ತೂಕ ಇಳಿಯುತ್ತದೆ. ಇದರ ಅರ್ಧ ಇಳಿಕೆಗೆ ಸುಮಾರು 1 ವರ್ಷ, ಬಹುಪಾಲು ಇಳಿಕೆಗೆ ಸುಮಾರು 3 ವರ್ಷ ಬೇಕು. ಅಂದರೆ 80 ಕಿಲೋ ತೂಗುವವರು ದಿನಕ್ಕೆ 240 ಕ್ಯಾಲೊರಿ ಕಡಿಮೆ ಉಂಡರೆ ನಿಧಾನವಾಗಿ 70 ಕಿಲೋಗೆ ಬಂದು ನಿಲ್ಲುತ್ತಾರೆ. ಗಮನಿಸಿ, ‘ನಿಲ್ಲುತ್ತಾರೆ’. ಆದಾಯ ಖರ್ಚುಗಳು ಅಲ್ಲಿ ಸರಿದೂಗಿದವು. ನಿಂತ ತೂಕ ದೇಹದ ಕೆಡುಕಲ್ಲ. ಅದು ದೇಹದ ಲೆಕ್ಕ.

ಆದರೆ ಅನೇಕರಿಗೆ ತೂಕ ಮೂರು ವರ್ಷಕ್ಕಲ್ಲ, ಆರೇಳು ತಿಂಗಳಿಗೇ ನಿಲ್ಲುತ್ತದೆ. ಇದಕ್ಕೆ ಮುಖ್ಯ ಕಾರಣ ಹಸಿವು. 2016ರಲ್ಲಿ ಇದೇ ತಂಡದವರು ಅಂದಾಜಿಸಿದಂತೆ, ಇಳಿದ ಪ್ರತಿ ಕಿಲೋಗೆ ದೇಹದ ಖರ್ಚು ದಿನಕ್ಕೆ 20-30 ಕ್ಯಾಲೊರಿ ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಐದು ಕಿಲೋ ಇಳಿಸಿದವರನ್ನು ಹಸಿವು ಹೇಗೆ ಎಳೆಯುತ್ತಿರಬಹುದು ಊಹಿಸಿ. ಅವರಿಗೆ ಅರಿವಿಲ್ಲದೆಯೇ ಕೈ ಶೇಂಗಾ ಡಬ್ಬಿಯತ್ತ ಹೋಗುತ್ತದೆ. ಪಲ್ಲೆಗೆ ಎಣ್ಣೆ ಒಂದು ಚಮಚ ಹೆಚ್ಚು ಬೀಳುತ್ತದೆ. ಎರಡು ರೊಟ್ಟಿ ಮೂರಾಗುತ್ತದೆ.

‘ಇಲ್ಲ, ನಾನು ಉಣ್ಣುವುದೇ ಕಡಿಮೆ’ ಎನ್ನುವವರೂ ಉಂಟು. ಅವರು ಸುಳ್ಳು ಹೇಳುತ್ತಾರೆಂದಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದ 10 ಜನರನ್ನು ಪರೀಕ್ಷಿಸಿದರು. ಅವರು ಬರೆದುಕೊಟ್ಟ ಆಹಾರ ದಿನಕ್ಕೆ ಸರಾಸರಿ 1,000 ಕ್ಯಾಲೊರಿಯಷ್ಟು. ವೈಜ್ಞಾನಿಕವಾಗಿ ಅಳೆದಾಗ ಸಿಕ್ಕಿದ್ದು ಸುಮಾರು 2,000. ಮರೆವು ಮನುಷ್ಯ ಸಹಜ. ಎರಡೆರಡು ಚಮಚ ಸಕ್ಕರೆ ಹಾಕಿದ ನಾಲ್ಕು ಕಪ್ಪು ಚಹಾದ ಸಕ್ಕರೆಯೇ 160 ಕ್ಯಾಲೊರಿ. ಇದು 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಹೆಚ್ಚುಕಡಿಮೆ ಸಮ. ಚಹಾವನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ!

ಇನ್ನೊಂದು ಕಾರಣ ನೀರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ವಿಶ್ರಾಂತಿಯಲ್ಲಿ ದೇಹ ಮಾಡುವ ಖರ್ಚು ಸುಮಾರು 40 ಪ್ರತಿಶತ ತಗ್ಗಿತು. ಜೊತೆಗೆ ಅನೇಕರ ಕಾಲು, ಮುಖಗಳಲ್ಲಿ ನೀರು ತುಂಬಿ ಬಾವು ಬಂತು. ಒಳಗೆ ಕೊಬ್ಬು ಕರಗುತ್ತಿದ್ದರೂ ಅದರ ಜಾಗದಲ್ಲಿ ನೀರು ನಿಂತು ತಕ್ಕಡಿಯನ್ನು ಮೋಸಗೊಳಿಸುತ್ತಿತ್ತು. ಅಷ್ಟು ಕಠಿಣ ಹಸಿವಿನಲ್ಲಿ ಅಲ್ಲದಿದ್ದರೂ, ಸಾಮಾನ್ಯ ಪಥ್ಯದಲ್ಲೂ ಉಪ್ಪು ಹೆಚ್ಚಾದಾಗ, ಮುಟ್ಟಿನ ದಿನಗಳಲ್ಲಿ, ಹೊಸದಾಗಿ ವ್ಯಾಯಾಮ ಆರಂಭಿಸಿದಾಗ ಒಂದೆರಡು ಕಿಲೋ ನೀರು ಮೈಯಲ್ಲಿ ನಿಲ್ಲಬಹುದು.

ಕೊಬ್ಬು ಹೋಗುವ ದಾರಿ

ಕರಗಿದ ಕೊಬ್ಬು ಯಾವ ದಾರಿಯಿಂದ ದೇಹದ ಹೊರಗೆ ಹೋಗುತ್ತದೆ? ಕೆಲವರು ‘ಬೆವರಿನಲ್ಲಿ’ ಎನ್ನುತ್ತಾರೆ, ಕೆಲವರು ‘ಮಲದಲ್ಲಿ’. ಬಹಳ ಜನ ‘ಶಾಖವಾಗಿ ಹೋಗುತ್ತದೆ’ ಎಂದುಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ವೈದ್ಯರನ್ನೂ ಆಹಾರ ತಜ್ಞರನ್ನೂ ಕೇಳಿದಾಗ ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಈ ಕೊನೆಯ ಉತ್ತರವನ್ನೇ ಕೊಟ್ಟರು.

ಒಂಬತ್ತು, ಹತ್ತನೆಯ ತರಗತಿಯ ರಸಾಯನ ಶಾಸ್ತ್ರ ಓದಿದವರು ಇದನ್ನು ಬಿಡಿಸಬಲ್ಲರು. ಮನುಷ್ಯನ ಕೊಬ್ಬಿನ ಸರಾಸರಿ ಅಣುವಿನಲ್ಲಿ 55 ಇಂಗಾಲ, 104 ಜಲಜನಕ, 6 ಆಮ್ಲಜನಕದ ಪರಮಾಣುಗಳು. ಅದು ಉರಿಯಲು 78 ಆಮ್ಲಜನಕದ ಅಣುಗಳು ಬೇಕು. ಕೊನೆಗೆ ಸಿಗುವುದು 55 ಇಂಗಾಲದ ಡೈಆಕ್ಸೈಡ್ ಅಣುಗಳು ಮತ್ತು 52 ನೀರಿನ ಅಣುಗಳು. ಸಮೀಕರಣದ ಎರಡೂ ಕಡೆ ಎಣಿಸಿ ನೋಡಿ, ಸರಿಹೋಗುತ್ತದೆ. 2014ರಲ್ಲಿ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಆಸ್ಟ್ರೇಲಿಯದ ಸಂಶೋಧಕರು ಇದನ್ನು ತೂಕಕ್ಕೆ ಇಳಿಸಿ ತೋರಿಸಿದರು. 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನೊಂದಿಗೆ ಹೊರಹೋಗುತ್ತದೆ. ಉಳಿದ 1.6 ಕಿಲೋ ನೀರಾಗುತ್ತದೆ.

ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಮಕ್ಕಳು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿ ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೋಡಿರುತ್ತಾರೆ. ಕರಗಿದ ಕೊಬ್ಬಿನ ಬಹುಪಾಲು ಹೊರಬರುವುದು ಅದೇ ದಾರಿಯಲ್ಲಿ! ಕೊಬ್ಬಿನ ಹೆಬ್ಬಾಗಿಲು ಮೂಗು. ಹೀಗಿರುವಾಗ ಕರುಳನ್ನು ಎಷ್ಟು ತೊಳೆದರೂ ಸೊಂಟದ ಸುತ್ತಲಿನ ಕೊಬ್ಬು ಕೊಚ್ಚಿಹೋಗುವುದು ಹೇಗೆ? ಹಾಗೆಂದು ಸುಮ್ಮನೆ ಕುಳಿತು ಜೋರಾಗಿ ಉಸಿರಾಡಿದರೆ ಕೊಬ್ಬು ಕರಗದು. ಮಾಂಸಖಂಡಗಳು ದುಡಿದು ಆ ಇಂಗಾಲವನ್ನು ಬಿಡುಗಡೆ ಮಾಡಬೇಕು.

ಹಾಗಾದರೆ ಇಳಿದ ಎರಡು ಕಿಲೋ?

‘ಮೂರು ದಿನ ರಸ ಕುಡಿದೆ, ಎರಡು ಕಿಲೋ ಇಳಿಯಿತು’ ಎನ್ನುವವರ ಮಾತು ಸುಳ್ಳಲ್ಲ. ತಕ್ಕಡಿ ಹಾಗೆ ತೋರಿಸುತ್ತದೆ. ಇಳಿದದ್ದು ಏನು ಎಂಬುದು ಬೇರೆ ಮಾತು.

ನಮ್ಮ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು 500 ಗ್ರಾಂ ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಬಿಟ್ಟೊಡನೆ ದೇಹ ಮೊದಲು ಮುಟ್ಟುವುದು ಈ ದಾಸ್ತಾನನ್ನು. ಅದು ಖಾಲಿಯಾದರೆ ನೀರೂ ಹೋಗಿ ಒಂದೂವರೆ ಎರಡು ಕಿಲೋ ಇಳಿದಂತೆ ಕಾಣುತ್ತದೆ. ರೊಟ್ಟಿ, ನಾರು ಇಲ್ಲದ್ದರಿಂದ ಕರುಳೂ ಬರಿದಾಗಿರುತ್ತದೆ. ನಾಲ್ಕನೆಯ ದಿನ ಊಟ ಮಾಡಿದರೆ ಇವೆಲ್ಲ ಮರಳಿ ಬರುತ್ತವೆ. ಮೈಯ ಕೊಬ್ಬು 1 ಕಿಲೋ ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವವರು ಮೂರು ದಿನ ಏನನ್ನೂ ತಿನ್ನದಿದ್ದರೂ ಕೊರತೆ 6,000 ಮಾತ್ರ!

ಭೇದಿಯ ಔಷಧದ ಕತೆಯೂ ಇಷ್ಟೇ. ಆಹಾರದ ಸಾರವೆಲ್ಲ ಸಣ್ಣ ಕರುಳಿನಲ್ಲೇ ಹೀರಲ್ಪಟ್ಟಿರುತ್ತದೆ. ಈ ಔಷಧಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಮುಂದಿನ ದೊಡ್ಡ ಕರುಳಿನಲ್ಲಿ. 1983ರ ಒಂದು ಅಧ್ಯಯನದಲ್ಲಿ ತೀವ್ರವಾದ ಭೇದಿ ಮಾಡಿಸಿದರೂ ದೇಹ ಹೀರುವ ಕ್ಯಾಲೊರಿ ತಗ್ಗಿದ್ದು ಸುಮಾರು 12 ಪ್ರತಿಶತ ಮಾತ್ರ. ಕಳೆದುಹೋದದ್ದು ಲೀಟರುಗಟ್ಟಲೆ ನೀರು ಮತ್ತು ಲವಣ.

ಹಳೆಯ ನಂಬಿಕೆ, ಹೊಸ ಹೆಸರು

‘ಕರುಳಿನಲ್ಲಿ ಮಲ ಕೊಳೆತು ಅದರ ವಿಷ ರಕ್ತಕ್ಕೆ ಏರುತ್ತದೆ’ ಎಂಬ ವಾದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ವೈದ್ಯರಲ್ಲೂ ಬೇರೂರಿತ್ತು. ಪ್ಯಾರಿಸ್ಸಿನ ಷಾರ್ಲ್ ಬೂಷಾರ್ ಇದರ ಮುಖ್ಯ ಪ್ರತಿಪಾದಕ. ಲಂಡನ್ನಿನ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್ ಮಲಬದ್ಧತೆಯವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವವರೆಗೆ ಹೋದರು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಅಲ್ವಾರೆಜ್ ಒಂದು ಸರಳ ಪ್ರಶ್ನೆ ಎತ್ತಿದರು. ಮಲವಿಸರ್ಜನೆಯಾದ ಕೂಡಲೇ ತಲೆಭಾರ, ಬೇಸರ ಹೋಗುತ್ತವೆ. ರಕ್ತಕ್ಕೆ ವಿಷ ಏರಿದ್ದರೆ ಅದು ಕ್ಷಣಾರ್ಧದಲ್ಲಿ ಇಳಿಯುವುದು ಸಾಧ್ಯವೇ? ತೊಂದರೆ ವಿಷದ್ದಲ್ಲ, ತುಂಬಿದ ಕರುಳು ನರಗಳ ಮೇಲೆ ಬೀರುವ ಒತ್ತಡದ್ದು ಎಂಬುದು ಅವರ ತೀರ್ಮಾನ. ಆಮೇಲೆ ವೈದ್ಯಲೋಕ ಆ ವಾದವನ್ನು ಕೈಬಿಟ್ಟಿತು.

ಆದರೆ ಜನ ಬಿಡಲಿಲ್ಲ. ನಿಂಬೆರಸ, ಮೇಪಲ್ ಮರದ ಸಿಹಿ ಪಾಕ, ಮೆಣಸಿನ ಪುಡಿ ಬೆರೆಸಿದ ನೀರನ್ನಷ್ಟೇ ಹತ್ತು ದಿನ ಕುಡಿಯುವ ವಿಧಾನವನ್ನು 1940ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬರೋಸ್ ಪ್ರಚಾರಕ್ಕೆ ತಂದರು. ಈಗಿನ ನಿಂಬೆ-ಜೇನಿನ ಪಥ್ಯಗಳು ಅದರ ಮೊಮ್ಮಕ್ಕಳು. 2009ರಲ್ಲಿ ಬ್ರಿಟನ್ನಿನ ಯುವ ವಿಜ್ಞಾನಿಗಳು ‘ಡಿಟಾಕ್ಸ್’ ಹೆಸರಿನ 15 ಉತ್ಪನ್ನಗಳ ತಯಾರಕರನ್ನು ‘ನೀವು ಹೊರಹಾಕುವ ವಿಷ ಯಾವುದು?’ ಎಂದು ವಿಚಾರಿಸಿದರು. ‘ಡಿಟಾಕ್ಸ್’ ಎಂದರೇನು ಎಂಬುದಕ್ಕೆ ಒಂದು ಕಂಪನಿಯ ವ್ಯಾಖ್ಯೆ ಇನ್ನೊಂದರದಕ್ಕೆ ಹೊಂದಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಮಾರಾಟದ ಇಂಥ ಪಥ್ಯಗಳಿಂದ ತೂಕ ಇಳಿಯುತ್ತದೆಂದು ಕ್ರಮಬದ್ಧ ಪ್ರಯೋಗದಿಂದ ಸಿದ್ಧಪಡಿಸಿದ ಒಂದು ಉದಾಹರಣೆಯೂ ಸಿಗಲಿಲ್ಲ.

ವಿಷ ಎಂಬುದು ಇಲ್ಲವೆಂದಲ್ಲ. ಅದನ್ನು ತೆಗೆಯುವ ಜಾಡಮಾಲಿಗಳು ದೇಹದೊಳಗೇ ಇದ್ದಾರೆ. ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಅಮೋನಿಯಾವನ್ನು ಯೂರಿಯಾ ಆಗಿಸುತ್ತದೆ. ಔಷಧ, ಮದ್ಯಗಳನ್ನು ಒಡೆಯುತ್ತದೆ. ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬೇಕಾದದ್ದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಇವು ಕೆಲಸ ನಿಲ್ಲಿಸಿದರೆ ಬೇಕಾಗುವುದು ಡಯಾಲಿಸಿಸ್, ಜೀರಿಗೆ ನೀರಲ್ಲ.

ಪ್ರಕೃತಿ ಚಿಕಿತ್ಸೆ ಮತ್ತು ಉಪವಾಸ

ಹಾಗಾದರೆ ನಮ್ಮ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಹಲವರ ತೂಕ ಇಳಿಯುತ್ತದಲ್ಲ ಎಂದು ಕೇಳಬಹುದು. ಕರ್ನಾಟಕ ಈ ಪದ್ಧತಿಗೆ ಹೆಸರಾದ ನಾಡು. ಉಜಿರೆಯಲ್ಲಿ 1989ರಿಂದ ಇದರ ಕಾಲೇಜೇ ಇದೆ. ಅಲ್ಲಿ ಹತ್ತು ದಿನ ಇದ್ದವರು ಎಣ್ಣೆ, ಸಕ್ಕರೆ ಕಡಿಮೆಯಿರುವ ಮಿತಾಹಾರ ಉಣ್ಣುತ್ತಾರೆ, ಬೆಳಿಗ್ಗೆ ನಡೆಯುತ್ತಾರೆ, ಯೋಗಾಸನ ಮಾಡುತ್ತಾರೆ, ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಫಲ ಕೊಡುವುದು ಈ ಶಿಸ್ತು. ಮನೆಗೆ ಬಂದು ಅದನ್ನು ಮುಂದುವರಿಸಿದವರಿಗೆ ಇಳಿಕೆ ನಿಲ್ಲುತ್ತದೆ. ಮಿರ್ಚಿ-ಗಿರ್ಮಿಟ್ಟಿಗೆ ಮರಳಿದವರಿಗೆ ತೂಕವೂ ಮರಳುತ್ತದೆ. ಆಯುರ್ವೇದದ ಪಂಚಕರ್ಮವೂ ವೈದ್ಯರು ರೋಗಿಯ ಬಲಾಬಲ ನೋಡಿ ಮಾಡಿಸುವ ಚಿಕಿತ್ಸೆಯೇ ಹೊರತು, ಪ್ಯಾಕೆಟ್ಟು ಒಡೆದು ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ.

ಏಕಾದಶಿ, ಶಿವರಾತ್ರಿಯ ಉಪವಾಸ ಭಕ್ತಿಯ ವಿಷಯ. ಆರೋಗ್ಯವಂತ ವಯಸ್ಕರಿಗೆ ಒಂದು ದಿನದ ಉಪವಾಸದಿಂದ ಹಾನಿಯಿಲ್ಲ. ಆದರೆ ಮರುದಿನದ ಪಾರಣೆಯೂ, ಅಂದಿನ ಸಾಬುದಾಣಿ ಉಸುಳಿಯೂ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಅಪಾಯಗಳು

ಈ ತೊಳೆಯಾಟ ಕೆಲವೊಮ್ಮೆ ಜೀವಕ್ಕೇ ಮುಳುವಾಗುತ್ತದೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಆರೋಗ್ಯಕ್ಕೆಂದು ಕುಡಿಯುತ್ತಿದ್ದ ಸೋರೆಕಾಯಿಯ ರಸ ಒಂದು ದಿನ ಕಹಿಯಾಗಿತ್ತು. ಅದನ್ನು ಕುಡಿದು ಅಸ್ವಸ್ಥರಾದ ಅವರು ಬದುಕಲಿಲ್ಲ. ಕುಂಬಳದ ಜಾತಿಯ ಕಾಯಿಗಳಲ್ಲಿ ಕೆಲವೊಮ್ಮೆ ಹೆಚ್ಚುವ ಕುಕುರ್ಬಿಟಾಸಿನ್ ಎಂಬ ಕಹಿ ವಿಷವೇ ಇದಕ್ಕೆ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ತಜ್ಞ ಸಮಿತಿ, ಕಾಯಿಯ ಚೂರನ್ನು ಮೊದಲು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಬೇರೆ ರಸದೊಂದಿಗೆ ಬೆರೆಸಬಾರದು ಎಂದು ಎಚ್ಚರಿಸಿತು.

ಪಾಲಕದಂಥ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಪಲ್ಲೆಯಾಗಿ ತಿಂದರೆ ಬಹುತೇಕರಿಗೆ ತೊಂದರೆಯಿಲ್ಲ. ದಿನವೂ ಹಸಿಯಾಗಿ ಹಿಂಡಿ ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಶಂಖಪ್ರಕ್ಷಾಲನೆಯಂಥ ಉಪ್ಪುನೀರಿನ ಕ್ರಿಯೆಯನ್ನು ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ತಾವಾಗಿ ಮಾಡಲೇಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಗೇ ಇಳಿದು ಪ್ರಜ್ಞೆ ತಪ್ಪಬಹುದು.

ಬೆಳೆಯುವ ಮಕ್ಕಳ ಮಾತು ಬೇರೆ

ತಂದೆತಾಯಿಗಳು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಹೈಸ್ಕೂಲು, ಕಾಲೇಜಿನ ಮಕ್ಕಳು ಕನ್ನಡಿ ನೋಡಿ ಕೊರಗುವ ವಯಸ್ಸಿನವರು. ಗೆಳತಿ ಹೇಳಿದಳೆಂದು, ಮೊಬೈಲಿನಲ್ಲಿ ನೋಡಿದೆನೆಂದು ಊಟ ಬಿಟ್ಟು ರಸ ಕುಡಿಯುವ ಹುಡುಗಿಯರಿದ್ದಾರೆ. ಆ ವಯಸ್ಸಿನಲ್ಲಿ ಮೂಳೆ, ಮಾಂಸ, ರಕ್ತ ಬೆಳೆಯಬೇಕು. ಅದಕ್ಕೆ ಬೇಕಾದ ಪ್ರೋಟೀನು, ಕಬ್ಬಿಣ, ಸುಣ್ಣದ ಅಂಶ ಬರೀ ರಸದಿಂದ ಸಾಕಷ್ಟು ಸಿಗುವುದಿಲ್ಲ. ತೂಕದ ಚಿಂತೆಯಿಂದ ಗುಟ್ಟಾಗಿ ವಾಂತಿ ಅಥವಾ ಭೇದಿ ಮಾಡಿಕೊಳ್ಳುವುದು ಹಟವಲ್ಲ, ಕಾಯಿಲೆ. ಅದಕ್ಕೆ ಗದರಿಕೆಯಲ್ಲ, ವೈದ್ಯರ ನೆರವು ಬೇಕು.

ಇನ್ನೊಂದು ಮಾತು. ಬೆಳೆಯುವ ಮಗುವಿನ ತೂಕ ನಿಂತಿದ್ದರೆ ಅದು ಸೋಲಲ್ಲ. ಸ್ಥೂಲಕಾಯದ ಬಾಲಕನೊಬ್ಬ ಒಂದು ವರ್ಷದಲ್ಲಿ 5 ಸೆಂಟಿಮೀಟರ್ ಎತ್ತರವಾಗಿ, ತೂಕ ಅಷ್ಟೇ ಉಳಿದಿದ್ದರೆ ಅವನು ತೆಳ್ಳಗಾಗಿದ್ದಾನೆ ಎಂದೇ ಅರ್ಥ. ಎಷ್ಟೋ ಮಕ್ಕಳಿಗೆ ವೈದ್ಯರು ಬಯಸುವುದೂ ಇದನ್ನೇ.

ಮಾಡಬೇಕಾದದ್ದೇನು?

ತೂಕ ನಿಂತಿದೆ ಎನ್ನುವ ಮೊದಲು ಮೂರು ನಾಲ್ಕು ವಾರ ಕಾಯಬೇಕು. ವಾರಕ್ಕೊಮ್ಮೆ ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ನೋಡಬೇಕು. ತಕ್ಕಡಿ ನಿಂತಿದ್ದರೂ ಟೇಪು ಇಳಿಯುತ್ತಿದ್ದರೆ ಚಿಂತೆಯಿಲ್ಲ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರುವುದು ಒಳ್ಳೆಯದು.

ಟೇಪೂ ನಿಂತಿದ್ದರೆ ಒಂದು ವಾರ ತಿಂದದ್ದನ್ನೆಲ್ಲ, ಚಹಾ ಮತ್ತು ಚುರುಮುರಿ ಸಹಿತ, ಅಂದಂದೇ ಬರೆದಿಡಬೇಕು. ಹೊಸ ತೂಕಕ್ಕೆ ಹೊಸ ಲೆಕ್ಕ. ದಿನಕ್ಕೆ ಒಂದು ದೊಡ್ಡ ಚಮಚ ಎಣ್ಣೆ ಉಳಿಸಿದರೆ ಸುಮಾರು 120 ಕ್ಯಾಲೊರಿ ಉಳಿಯಿತು. ಹೆಸರು, ಮಡಕಿ, ಕಡಲೆಯಂಥ ಕಾಳಿನ ಪಲ್ಲೆ, ಹಸಿ ಸೊಪ್ಪು, ಮಜ್ಜಿಗೆ ಹೆಚ್ಚಿಸಿದರೆ ಹಸಿವು ತಡೆಯುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯಬೇಕು, ಮಕ್ಕಳು ದಿನಕ್ಕೆ 60 ನಿಮಿಷ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರಕ್ಕೆರಡು ದಿನ ಬಸ್ಕಿ, ದಂಡದಂಥ ಸ್ನಾಯುಬಲದ ವ್ಯಾಯಾಮವೂ ಇದ್ದರೆ ಮಾಂಸಖಂಡ ಕರಗದೆ ಉಳಿಯುತ್ತದೆ.

ನಿದ್ದೆಯನ್ನೂ ಕಡೆಗಣಿಸಬಾರದು. 2010ರಲ್ಲಿ ಷಿಕಾಗೋದ ಸಂಶೋಧಕರು 10 ಜನರಿಗೆ ಒಂದೇ ಬಗೆಯ ಪಥ್ಯ ಕೊಟ್ಟು, ಎರಡು ವಾರ ರಾತ್ರಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ತೂಕ ಎರಡೂ ಬಾರಿ ಹೆಚ್ಚುಕಡಿಮೆ ಸಮನಾಗಿ ಇಳಿಯಿತು. ಆದರೆ ಕರಗಿದ ಕೊಬ್ಬು ಮೊದಲ ಬಾರಿ 1.4 ಕಿಲೋ, ನಿದ್ದೆಗೆಟ್ಟಾಗ 0.6 ಕಿಲೋ ಮಾತ್ರ. ಉಳಿದ ಇಳಿಕೆಯಲ್ಲಿ ಬಹುಪಾಲು ಕೊಬ್ಬಲ್ಲದ ಭಾಗದ್ದು. ಇಷ್ಟೆಲ್ಲ ಸರಿಯಿದ್ದೂ ತೂಕ ಏರುತ್ತಲೇ ಇದ್ದರೆ, ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಥೈರಾಯಿಡ್ ಮೊದಲಾದ ಪರೀಕ್ಷೆಗೆ ವೈದ್ಯರನ್ನು ಕಾಣಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಅಪ್ಪ ಅಥವಾ ಅವ್ವನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ. ಅರ್ಧ ಲೀಟರ್ ನೀರು ಕುಡಿಸಿ ಮತ್ತೆ ತೂಗಿ. ಅರ್ಧ ಕಿಲೋ ಏರಿರುತ್ತದೆ. ಅವರು ಆ ಐದು ನಿಮಿಷದಲ್ಲಿ ದಪ್ಪಗಾದರೇ? ಇಲ್ಲ ಎಂದು ಮಗುವೂ ಹೇಳುತ್ತದೆ. ಹಾಗಿದ್ದರೆ ನೀರು ಹೋಗಿ ಅರ್ಧ ಕಿಲೋ ಇಳಿದಾಗ ತೆಳ್ಳಗಾದೆವೆಂದು ನಂಬುವುದೇಕೆ? ಈ ಒಂದು ಪ್ರಶ್ನೆ ಮನೆಯವರ ಮನಸ್ಸಿಗೆ ಹೊಕ್ಕರೆ ಸಾಕು, ಪ್ಯಾಕೆಟ್ಟಿನ ದುಡ್ಡು ಉಳಿಯುತ್ತದೆ. ಅದರಲ್ಲಿ ಒಂದು ಜೊತೆ ಗಟ್ಟಿ ಚಪ್ಪಲಿ ಬರುತ್ತದೆ. ನಡೆಯುವುದಕ್ಕೆ ಅದು ಬೇಕಾಗುತ್ತದೆ.